ಕಾಲು ಮೈಲಿಯ ಆ ಕಾಲ

1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲ ಮೋಟಾರ್ ಸೈಕಲ್‌ಗಳು ಹೊರಬಂದವು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು, ಇರಾನಿ ಮನೆತನದವರು ಕಟ್ಟಿದ ಕಾರ್ಖಾನೆ ಅದು. ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ದಾಟಿ ಬೆಂಗಳೂರಿಗೆ ಬರುವ ಗಾಡಿಗಳು ನಗರಕ್ಕೆ ಕಾಲಿಡುತ್ತಿದ್ದದ್ದು ಕೆಂಗೇರಿಯ ಕಡೆಯಿಂದ. ಕೆಂಗೇರಿ ಆಗ ನಗರದಾಚೆಯ ಪುಟ್ಟ ಊರು. ಅಲ್ಲಿಂದ ಕೆಲವು ಮೈಲಿ ಒಳಗೆ, ಮಾಗಡಿ ರಸ್ತೆ, ರಾಜಾಜಿನಗರದ ಕಡೆ, ಇಂಥ ಯಂತ್ರವನ್ನು ಬಿಚ್ಚಿ, ಅರ ಹಾಕಿ, ಕಾರ್ಖಾನೆ ಕೊಟ್ಟದ್ದಕ್ಕಿಂತ ಜೋರಾಗಿ ಓಡಿಸಬಲ್ಲ ಕೈಗಳು ತಯಾರಾಗುತ್ತಿದ್ದವು.

ಮುಂದಿನ ಮೂರು ದಶಕ ಪಶ್ಚಿಮ ಬೆಂಗಳೂರಿನ ಗಲ್ಲಿಗಳಲ್ಲಿ ಒಂದು ಹವ್ಯಾಸ ಬೆಳೆಯಿತು. ಅದಕ್ಕೆ ಕ್ರೀಡಾಂಗಣವಿರಲಿಲ್ಲ, ಪ್ರಾಯೋಜಕರಿರಲಿಲ್ಲ, ದಾಖಲೆ ಪುಸ್ತಕವೂ ಇರಲಿಲ್ಲ. ಎರಡು ಗಾಡಿ, ನೇರವಾದ ಒಂದು ರಸ್ತೆ, ಜೊತೆಗೆ ಗೆದ್ದವರ್‍ಯಾರು ಎಂದು ಹೇಳಲು ನಾಲ್ಕು ಜನ ಗೆಳೆಯರು ಇದ್ದರೆ ಸಾಕಿತ್ತು. ಹುಡುಗರು ಅದನ್ನು ‘ಡ್ರ್ಯಾಗ್’ ಎಂದೇ ಕರೆದರು. ಬೆಂಗಳೂರಿನ ಚರಿತ್ರೆ ಬರೆದವರು ಕೆರೆ, ಕೋಟೆ, ದಂಡು, ಐಟಿ ಎಲ್ಲವನ್ನೂ ಬರೆದಿದ್ದಾರೆ. ಈ ಹವ್ಯಾಸವನ್ನೂ ಅದರ ಹಿಂದಿದ್ದ ಕಸುಬನ್ನೂ ಬರೆದವರು ಕಡಿಮೆ.

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯಾ. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ವಿ-8 ಎಂಜಿನ್ನಿನ ಕಾರು ತಂದಿತು. ಅದರ ಹಳೆಯ ಗಾಡಿಗಳನ್ನು ಕೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಎಂಜಿನ್ ತಿದ್ದಿ ಓಡಿಸುವುದನ್ನು ಹುಡುಗರು ಕಲಿತರು. ಆ ಗಾಡಿಗಳೇ ‘ಹಾಟ್ ರಾಡ್’. ಮೊದಲು ಒಣಗಿದ ಸರೋವರಗಳ ಗಟ್ಟಿ ನೆಲದ ಮೇಲೆ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲೆ ಪಂದ್ಯ ಊರ ರಸ್ತೆಗಿಳಿಯಿತು. ಸಾವು ನೋವೂ ಹೆಚ್ಚಿತು. ಆಗ ಅಲ್ಲಿನವರು ಒಂದು ದಾರಿ ಕಂಡುಕೊಂಡರು. 1950ರಲ್ಲಿ ಸ್ಯಾಂಟಾ ಆನಾದ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಟಿಕೆಟ್ ಇಟ್ಟು ಪಂದ್ಯ ಶುರುವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. 1953ರಲ್ಲಿ ಆ ಸಂಸ್ಥೆಯ ಮೊದಲ ಅಧಿಕೃತ ಪಂದ್ಯ ಪೊಮೋನಾದಲ್ಲಿ ನಡೆದಾಗ ಊರಿನ ಪೊಲೀಸರೇ ಬೆನ್ನಿಗೆ ನಿಂತಿದ್ದರು. ಓಟದ ದೂರ ಕಾಲು ಮೈಲಿ, ಅಂದರೆ 402 ಮೀಟರ್.

ಅಲ್ಲಿ ಯುದ್ಧ ಮುಗಿಸಿ ಬಂದ ಮೆಕ್ಯಾನಿಕ್‌ಗಳು ಮಾಡಿದ ಕೆಲಸವನ್ನು ಇಲ್ಲಿ ಕಾರ್ಖಾನೆಯ ಫಿಟ್ಟರ್‌ಗಳು, ಟರ್ನರ್‌ಗಳು ಮಾಡಿದರು. ಪಶ್ಚಿಮ ಬೆಂಗಳೂರು ಹುಟ್ಟಿನಿಂದಲೇ ದುಡಿಮೆಯ ಪ್ರದೇಶ. ರಾಜಾಜಿನಗರದ ಬಡಾವಣೆಗೆ 1949ರಲ್ಲಿ ಅಡಿಪಾಯ ಬಿತ್ತು. ಮುಂದಿನ ದಶಕದಲ್ಲಿ ಅಲ್ಲಿ ಕೈಗಾರಿಕಾ ವಸಾಹತು ಎದ್ದಿತು. ಪಕ್ಕದಲ್ಲೇ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಸ್ವಲ್ಪ ಮೇಲೆ ಯಶವಂತಪುರ, ಅದರಾಚೆ ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾಗಿ ದೇಶಕ್ಕೆಲ್ಲ ಲೇತು ಕೊಟ್ಟ ಎಚ್‌ಎಂಟಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲೇ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಶುರುವಾಗಿ, ಹಳ್ಳಿಯಿಂದ ಬಂದ ಹುಡುಗರಿಗೆ ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಿತು. ಆ ಮೇಲೆ ಪೀಣ್ಯ ಬೆಳೆಯಿತು. ಇವುಗಳ ನಡುವೆ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಓಣಿಗಳಲ್ಲಿ ಒಂದೇ ಲೇತು, ಒಂದೇ ಡ್ರಿಲ್ಲಿಂಗ್ ಮೆಷಿನ್ ಇಟ್ಟುಕೊಂಡ ಶೆಡ್ಡುಗಳು ಸಾಲುಗಟ್ಟಿದವು. ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇಂಚಿನ ಸಾವಿರದಲ್ಲೊಂದು ಪಾಲು ಅಂದರೆ ಎಷ್ಟು ಎಂಬುದು ಅಪ್ಪನ ಮಾತಿನಿಂದಲೇ ಗೊತ್ತಿತ್ತು.

ಕಾಲವೂ ಹಾಗೇ ಇತ್ತು. ಸ್ಕೂಟರ್ ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹೊರದೇಶದ ಬಿಡಿಭಾಗ ತರಿಸುವುದು ಸಾಮಾನ್ಯರಿಗೆ ಆಗದ ಮಾತು. ಹಾಳಾದದ್ದನ್ನು ಎಸೆಯುವ ಹಾಗಿಲ್ಲ, ಸಿಗದ್ದನ್ನು ಮಾಡಿಕೊಳ್ಳದೆ ವಿಧಿಯಿಲ್ಲ. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು ದಿನದ ಕೆಲಸ. ಕೈ ಅಷ್ಟು ಪಳಗಿದ ಮೇಲೆ ‘ರಿಪೇರಿ ಮಾಡುವುದೇ ಆದರೆ ಇನ್ನೂ ಚೆನ್ನಾಗಿ ಮಾಡೋಣ’ ಎಂಬ ಯೋಚನೆ ಬರಲು ಎಷ್ಟು ಹೊತ್ತು?

ಅದಕ್ಕೆ ಹೇಳಿಮಾಡಿಸಿದ ಯಂತ್ರ ಜಾವಾ. 250 ಸಿಸಿಯ ಒಂಟಿ ಸಿಲಿಂಡರ್, ಎರಡು ಸೈಲೆನ್ಸರ್, ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಗೇರು. 1973ರಿಂದ ಅದು ಯೆಜ್ಡಿ ಆಯಿತು. 1978ರಲ್ಲಿ 16 ಅಶ್ವಶಕ್ತಿಯ ರೋಡ್‌ಕಿಂಗ್ ಬಂತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳಿವೆ. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಅವುಗಳನ್ನು ಮುಚ್ಚಿ ತೆರೆಯುತ್ತದೆ. ಆ ಕಿಂಡಿಯ ಅಂಚು ಎಲ್ಲಿದೆ ಎಂಬುದರ ಮೇಲೆ ಎಂಜಿನ್ನಿನ ಸ್ವಭಾವವೆಲ್ಲ ನಿಂತಿದೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಕ್ಯಾಮ್ ಮಾಡಿಸಿ ಸಾಧಿಸಬೇಕಾದದ್ದನ್ನು ಇಲ್ಲಿ ಅರ ಬಲ್ಲ ಹುಡುಗನೊಬ್ಬ ಒಂದು ಸಂಜೆಯಲ್ಲಿ ಸಾಧಿಸಬಹುದಿತ್ತು.

ಆ ಕೆಲಸವನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಬ್ಲಾಕ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಮಸಿ ಒರೆಸಿ, ಬೆಳಕಿಗೆ ಹಿಡಿಯುತ್ತಿದ್ದರು. ಹೊಗೆ ಹೊರಹೋಗುವ ಕಿಂಡಿಯ, ಅಂದರೆ ಎಕ್ಸಾಸ್ಟ್ ಪೋರ್ಟಿನ, ಮೇಲಂಚಿಗೆ ಬಣ್ಣ ಬಳಿದು, ಎಷ್ಟು ಎತ್ತಬೇಕೋ ಅಷ್ಟಕ್ಕೆ ಸೂಜಿಯಿಂದ ಗೆರೆ. ಆಮೇಲೆ ಸಣ್ಣ ಅರ್ಧಗುಂಡಿನ ಅರ. ನಾಲ್ಕು ಎಳೆತ, ಒರೆಸು, ನೋಡು. ಮತ್ತೆ ನಾಲ್ಕು ಎಳೆತ. “ಒಂದು ಎಂಎಂ ಸಾಕು ಮಗಾ, ಜಾಸ್ತಿ ಎತ್ತಿದ್ರೆ ಬ್ಲಾಕ್ ಹೋಯ್ತು ಅಂತ ತಿಳ್ಕೊ” ಎಂಬ ಎಚ್ಚರಿಕೆ ಎಲ್ಲ ಶೆಡ್ಡಿನಲ್ಲೂ ಕೇಳುತ್ತಿತ್ತು. ಕಿಂಡಿ ಎತ್ತರವಾದಷ್ಟೂ ಗಾಡಿ ಮೇಲಿನ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಕೆಳಗಿನ ಎಳೆತ ಸಾಯುತ್ತದೆ. ಅಗಲ ಅತಿಯಾದರೆ ಪಿಸ್ಟನ್ ರಿಂಗು ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಅದಕ್ಕೇ ಕೊನೆಗೆ ಅಂಚನ್ನೆಲ್ಲ ಎಣ್ಣೆಗಲ್ಲಿನಿಂದ ನಯ ಮಾಡಿ, ಕಿರುಬೆರಳು ಆಡಿಸಿ ನೋಡುತ್ತಿದ್ದರು. ಚರ್ಮಕ್ಕೆ ಏನೂ ತಾಕದಿದ್ದರೆ ಕೆಲಸ ಮುಗಿದಂತೆ.

ಆಮೇಲೆ ಸಿಲಿಂಡರ್ ಹೆಡ್ಡಿನ ತಳ ಸವೆಸುವ ಹೆಡ್ ಶೇವಿಂಗ್, ಕಾರ್ಬ್ಯುರೇಟರಿಗೆ ದೊಡ್ಡ ಜೆಟ್, ಪಿಕಪ್ ಬೇಕಾದರೆ ಮುಂದಿನ ಸ್ಪ್ರಾಕೆಟ್ಟಿಗೆ ಒಂದು ಹಲ್ಲು ಕಮ್ಮಿ. ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಯಂತ್ರಗಳೇನೂ ಇರಲಿಲ್ಲ. ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ, ಒಮ್ಮೆಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ ಪ್ಲಗ್ ಬಿಚ್ಚುವುದು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಪಿಸ್ಟನ್ ತೂತಾದೀತು. ಕರಿ ಮೆತ್ತಿದ್ದರೆ ಪೆಟ್ರೋಲ್ ಹೆಚ್ಚು. ಹುರಿದ ಕಾಫಿ ಬೀಜದ ಬಣ್ಣ ಬಂದರೆ ಸರಿ. ರೇಸಿಗೆಂದೇ ಕಟ್ಟಿದ ಎಂಜಿನ್ನಿಗೆ ಕೆಲವರು ಹರಳೆಣ್ಣೆ ಕಲಸುತ್ತಿದ್ದರು. ಬಿಸಿಗೆ ಅದು ಬೇಗ ಸೋಲುವುದಿಲ್ಲ. ಅದು ಸುಟ್ಟ ಘಾಟು ಮೂಗಿಗೆ ಬಿದ್ದರೆ ಇಂದಿಗೂ ಆ ಕಾಲದವರು ತಿರುಗಿ ನೋಡುತ್ತಾರೆ.

ಈ ವಿದ್ಯೆ ರಾಜಾಜಿನಗರಕ್ಕೆ ಬಂದ ಹಾದಿ ಬಹಳ ಉದ್ದ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯನ್ನು ಅಧ್ಯಯನ ಮಾಡಿದರು. ಕೊಳವೆಯ ಹೊಟ್ಟೆಯನ್ನು ಲೆಕ್ಕಹಾಕಿ ಉಬ್ಬಿಸಿ, ಮತ್ತೆ ಕಿರಿದಾಗಿಸಿದರೆ, ಹೊರಹೋದ ಒತ್ತಡದ ಅಲೆ ಹಿಂದಿರುಗಿ ಬಂದು, ಸೋರಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿನೊಳಗೆ ತಳ್ಳುತ್ತದೆ ಎಂಬುದನ್ನು ಕಾರ್ಯರೂಪಕ್ಕೆ ತಂದವರು ಅವರು. 1961ರಲ್ಲಿ ಆ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿ ಸೇರಿದರು. ಗುಟ್ಟೂ ಅವರ ಜೊತೆ ಹೋಯಿತು. ಅಲ್ಲಿಂದ ಮುಂದೆ ಜಪಾನಿನ ಟೂ-ಸ್ಟ್ರೋಕ್ ಗಾಡಿಗಳು ಜಗತ್ತನ್ನು ಗೆದ್ದವು. ಎರಡು ದಶಕದ ನಂತರ ಆ ಗಾಡಿಗಳು ಭಾರತಕ್ಕೆ ಬಂದಾಗ, ಅದೇ ಉಬ್ಬಿದ ಕೊಳವೆಯನ್ನು ನಮ್ಮ ಶೆಡ್ಡುಗಳ ಹುಡುಗರು ತಗಡು ಕತ್ತರಿಸಿ, ಶಂಕುಗಳಾಗಿ ಸುತ್ತಿ, ಗ್ಯಾಸ್ ವೆಲ್ಡಿಂಗ್ ಮಾಡಿ ಕಟ್ಟಿದರು.

ಇಂಥ ಕೈಗಳಿಂದ ಹೊಸದೂ ಹುಟ್ಟಿದೆ. ಮೈಸೂರಿನ ಸೋಮೇಂದರ್ ಸಿಂಗ್ ರೇಸಿಗೆ ಎಂಜಿನ್ ತಿದ್ದುತ್ತಲೇ ಪಳಗಿದವರು. ಸಿಲಿಂಡರ್ ಹೆಡ್ಡಿನ ಒಳಮೈಯಲ್ಲಿ ಗೀರುಗಳನ್ನು ಕೊರೆದರೆ ಇಂಧನ ಇನ್ನೂ ಚೆನ್ನಾಗಿ ಉರಿಯುತ್ತದೆ ಎಂಬ ತಮ್ಮ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಪಡೆದರು. 2004ರಲ್ಲಿ ಅಮೆರಿಕದ ಪಾಪ್ಯುಲರ್ ಸೈನ್ಸ್ ಪತ್ರಿಕೆ ಅವರ ಬಗ್ಗೆ ಲೇಖನ ಪ್ರಕಟಿಸಿತು.

1980ರ ದಶಕ ಈ ಹವ್ಯಾಸದ ತುಂಬು ಹರೆಯ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಆರ್‌ಡಿ 350ಯನ್ನು ರಾಜ್‌ದೂತ್ ಹೆಸರಿನಲ್ಲಿ ತಂದಿತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ, ಆಮೇಲೆ ಬಂದ ಲೋ ಟಾರ್ಕಿಗೆ 27. ಆವರೆಗೆ ಈ ದೇಶದ ಹುಡುಗರು ಅಂಥ ಎಳೆತ ಕಂಡಿರಲಿಲ್ಲ. ಅದನ್ನು ನಿಲ್ಲಿಸಲು ಮಾತ್ರ ಜಪಾನಿನ ಡಿಸ್ಕ್ ಬ್ರೇಕಿನ ಬದಲು ಡ್ರಮ್ ಬ್ರೇಕ್ ಕೊಟ್ಟಿದ್ದರು. ಪೆಟ್ರೋಲ್ ವಿಪರೀತ ಕುಡಿಯುತ್ತಿದ್ದ ಆ ಗಾಡಿಯನ್ನು ಸಾಕುವುದು ಉಳ್ಳವರಿಗಷ್ಟೇ ಸಾಧ್ಯವಿತ್ತು.

ಮಧ್ಯಮ ವರ್ಗದ ಮನೆಯೊಳಗೆ ವೇಗ ತಂದದ್ದು 1985ರಲ್ಲಿ ಬಂದ ಆರ್‌ಎಕ್ಸ್ 100. 98 ಸಿಸಿ, 11 ಅಶ್ವಶಕ್ತಿ, ತೂಕ ಸುಮಾರು 100 ಕಿಲೋ. ಅದೇ ಕಾಲಕ್ಕೆ ಸುಜುಕಿ ಎಎಕ್ಸ್ 100, ಕವಾಸಾಕಿ ಕೆಬಿ 100 ಕೂಡ ರಸ್ತೆಗಿಳಿದವು. ಬಸವೇಶ್ವರನಗರದ ಬ್ಯಾಂಕ್ ಗುಮಾಸ್ತರ ಮಗನೂ ಮಾಗಡಿ ರಸ್ತೆಯ ಟರ್ನರ್ ಮಗನೂ ಒಂದೇ ಮಾದರಿಯ ಗಾಡಿಯ ಮೇಲೆ ಪಕ್ಕಪಕ್ಕ ನಿಂತದ್ದು ಆಗ. ಗಾಡಿ ಅಪ್ಪನ ಹೆಸರಿನಲ್ಲಿ, ಕಂತು ಅಪ್ಪನ ಸಂಬಳದಲ್ಲಿ. ಪೋರ್ಟಿಂಗ್ ಮಾಡಿಸಿದ್ದು ಅಪ್ಪನಿಗೆ ಗೊತ್ತಾಗುತ್ತಿದ್ದದ್ದು ಮೈಲೇಜ್ ಬಿದ್ದಾಗಲೇ.

ಪಂದ್ಯ ಭಾನುವಾರ ಬೆಳಗಿನ ಜಾವ. ವೆಸ್ಟ್ ಆಫ್ ಕಾರ್ಡ್ ರೋಡ್, ಜ್ಞಾನಭಾರತಿಯ ಕಡೆಯ ರಸ್ತೆಗಳು, ಕೆಂಗೇರಿ ದಾಟಿದ ಮೈಸೂರು ರಸ್ತೆ. ದೂರ ಅಳೆಯಲು ಟೇಪು ಇರಲಿಲ್ಲ. ಈ ಲೈಟ್ ಕಂಬದಿಂದ ಆ ಲೈಟ್ ಕಂಬದವರೆಗೆ. ನಡುವೆ ನಿಂತವನು ಕರವಸ್ತ್ರ ಎತ್ತಿ ಬಿಡುತ್ತಿದ್ದ. ಸೋತರೆ ಪೆಟ್ರೋಲ್ ಹಾಕಿಸಬೇಕು, ಇಲ್ಲವೇ ಎಲ್ಲರಿಗೂ ಇಡ್ಲಿ ಕಾಫಿ. ಗೆದ್ದವನಿಗಿಂತ ಅವನ ಎಂಜಿನ್ ಕಟ್ಟಿದವನ ಹೆಸರು ದೊಡ್ಡದಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಆ ಶೆಡ್ಡಿನ ಮುಂದೆ ಇನ್ನೆರಡು ಗಾಡಿ ನಿಂತಿರುತ್ತಿದ್ದವು.

ಆದರೆ ಆ ಕಾಲವನ್ನು ಬರೀ ಹೊಗಳಿ ಮುಗಿಸುವುದು ಅನ್ಯಾಯ. ರಸ್ತೆಯ ಮೇಲೆ ಮರಳಿತ್ತು, ನಾಯಿಗಳಿದ್ದವು, ಹಾಲಿನವರು, ಪೇಪರ್ ಹುಡುಗರು ಓಡಾಡುತ್ತಿದ್ದರು. ತಲೆಗೆ ಹೆಲ್ಮೆಟ್ ಹಾಕುವವರು ವಿರಳ. ಬಿಸಿಯೇರಿದ ಎಂಜಿನ್ ಯಾವ ಗಳಿಗೆಯಲ್ಲಾದರೂ ಸೀಜ್ ಆಗಬಹುದು. ಪಿಸ್ಟನ್ ಹಿಗ್ಗಿ ಕಚ್ಚಿಕೊಂಡರೆ ಹಿಂದಿನ ಚಕ್ರ ಕೂಡಲೇ ನಿಂತುಬಿಡುತ್ತದೆ. ಬಲ್ಲವರು ಎರಡು ಬೆರಳನ್ನು ಸದಾ ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುತ್ತಿದ್ದರು. ತಿಳಿಯದವರು ಬಿದ್ದರು. ಕಾಲು ಕಳೆದುಕೊಂಡವರಿದ್ದಾರೆ, ಮನೆಗೆ ಮರಳದವರಿದ್ದಾರೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಆ ಗಾಡಿಯ ಹೆಸರು ಎತ್ತುವುದಿಲ್ಲ.

ಸರಿಯಾದ ಜಾಗದಲ್ಲಿ ಓಡಿಸಬೇಕೆಂಬ ಆಸೆ ಇದ್ದವರು ಹೋಗುತ್ತಿದ್ದದ್ದು ಶೋಳವರಂಗೆ. ಮದರಾಸಿನ ಉತ್ತರಕ್ಕಿರುವ ಆ ಊರಿನ ವಿಮಾನಗಳ ಓಡುದಾರಿ ಎರಡನೇ ಮಹಾಯುದ್ಧದ ಕಾಲದ್ದು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ಬೆಂಗಳೂರಿನಿಂದ 350 ಕಿಲೋಮೀಟರಿಗೂ ಹೆಚ್ಚು ದೂರ. ಸ್ಪರ್ಧಿಸುವ ಗಾಡಿಯ ಮೇಲೆಯೇ ಸಾಮಾನು ಕಟ್ಟಿಕೊಂಡು ಹೊರಟವರಿದ್ದರು. ಅಲ್ಲಿ ಕಂಪನಿಗಳ ತಂಡಗಳ ಪಕ್ಕದಲ್ಲೇ ಗಲ್ಲಿಯ ಮೆಕ್ಯಾನಿಕ್ ತನ್ನ ಯೆಜ್ಡಿಯನ್ನು ಬಿಚ್ಚಿಟ್ಟುಕೊಂಡು ಕೂರಬಹುದಿತ್ತು. ಯಾರ ಪೋರ್ಟು ಎಷ್ಟು ಎತ್ತರ, ಯಾರ ಸೈಲೆನ್ಸರ್ ಯಾವ ಆಕಾರ ಎಂದು ಕಣ್ಣಿನಲ್ಲೇ ಅಳೆದುಕೊಂಡು ಬಂದು, ಮುಂದಿನ ವಾರ ಕಾಮಾಕ್ಷಿಪಾಳ್ಯದಲ್ಲಿ ಅದನ್ನೇ ಮಾಡಿ ನೋಡುತ್ತಿದ್ದರು. ಹವ್ಯಾಸಿಗೆ ಅದೇ ಕಾಲೇಜು. ನಮ್ಮಲ್ಲೂ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕೆ-1000 ರ್‍ಯಾಲಿ ನಡೆಸಿ ಹೆಸರು ಮಾಡಿತು. ಆದರೆ ಕಾಲು ಮೈಲಿಯ ನೇರ ದಾರಿಯೊಂದು ಬೆಂಗಳೂರಿನ ಹುಡುಗರಿಗೆ ತಮ್ಮದೆಂದು ಸಿಗಲಿಲ್ಲ.

1990ರಲ್ಲಿ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈಯಲ್ಲಿ ಹೊಸ ರೇಸ್ ಟ್ರ್ಯಾಕ್ ತೆರೆಯಿತು, ಶೋಳವರಂ ಕಾಲ ಮುಗಿಯಿತು. 1996ರಲ್ಲಿ ಐಡಿಯಲ್ ಜಾವಾ ಉತ್ಪಾದನೆ ನಿಲ್ಲಿಸಿತು. ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಹೊಗೆಯ ನಿಯಮಗಳು ಬಿಗಿಯಾದವು. 2000ದ ನಂತರ ಟೂ-ಸ್ಟ್ರೋಕ್ ಗಾಡಿಗಳು ಒಂದೊಂದಾಗಿ ಕಣ್ಮರೆಯಾದವು. ಎಣ್ಣೆ ಸುಡುವ ಎಂಜಿನ್ ನಗರದ ಗಾಳಿಗೆ ಕೆಟ್ಟದ್ದು, ಆ ನಿಯಮ ಬೇಕಾಗಿತ್ತು. ಆದರೆ ಅದರ ಜೊತೆ ಒಂದು ಕಸುಬೂ ಕರಗಿತು. ಇಂದಿನ ಎಂಜಿನ್ನನ್ನು ಲ್ಯಾಪ್‌ಟಾಪ್ ಇಲ್ಲದೆ ಮುಟ್ಟುವ ಹಾಗಿಲ್ಲ. ಲೇತು ಇದ್ದ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದಿವೆ. ಆ ಹಳೆಯ ಗಾಡಿಗಳು ಮಾತ್ರ ಹೊಸದರಲ್ಲಿ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಬೆಲೆಗೆ ಕೈ ಬದಲಾಗುತ್ತಿವೆ.

ವೇಗದ ಹಸಿವು ನಿಂತಿಲ್ಲ. ಅಂದು ಮೈಸೂರು ರಸ್ತೆಯಲ್ಲಿ ನಡೆದದ್ದು ಆಮೇಲೆ ನೈಸ್ ರಸ್ತೆಗೆ ಹೋಯಿತು. ಅಂದಿನ 11 ಅಶ್ವಶಕ್ತಿಯ ಜಾಗದಲ್ಲಿ ಇಂದು 40, ಕೆಲವರ ಕೈಯಲ್ಲಿ 200 ಇದೆ. ಅಪಘಾತಗಳು ಹೆಚ್ಚಿದಾಗ, 2022ರ ಜನವರಿಯಲ್ಲಿ, ರಾತ್ರಿ 10ರಿಂದ ಬೆಳಗಿನ 5ರವರೆಗೆ ಆ ರಸ್ತೆಯಲ್ಲಿ ದ್ವಿಚಕ್ರ ವಾಹನಗಳನ್ನೇ ನಿಷೇಧಿಸಬೇಕಾಯಿತು. ಇನ್ನೊಂದು ಕಡೆ ಇದೇ ನಗರದ ಹೇಮಂತ್ ಮುದ್ದಪ್ಪ ಮೋಟಾರ್ ಸೈಕಲ್ ಡ್ರ್ಯಾಗ್ ರೇಸಿಂಗ್‌ನ ರಾಷ್ಟ್ರೀಯ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ್‍ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದರು. ಇಂಥವರನ್ನು ಕೊಟ್ಟ ಊರಿನ ಹುಡುಗ ಹುಡುಗಿಯರು ಟ್ರ್ಯಾಕಿನಲ್ಲಿ ಓಡಿಸಬೇಕೆಂದರೆ ಇವತ್ತಿಗೂ ಹೆಚ್ಚಾಗಿ ಸುಮಾರು 300 ಕಿಲೋಮೀಟರ್ ದೂರದ ಇರುಂಗಾಟ್ಟುಕೋಟೈ ಕಡೆಗೇ ಹೋಗುತ್ತಾರೆ.

ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆ ಪಂದ್ಯಕ್ಕೆ ಶಿಕ್ಷೆ ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಶಿಕ್ಷೆ ಇರಬೇಕು. ಆದರೆ ಅದೇ ಕಲಮನ್ನು ಪೂರ್ತಿ ಓದಿದರೆ, ಅದು ಶಿಕ್ಷಿಸುವುದು ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ನಡೆಸುವ ಪಂದ್ಯವನ್ನು. ಅಂದರೆ ಒಪ್ಪಿಗೆ ಕೊಟ್ಟು ನಡೆಸುವ ದಾರಿಯನ್ನು ಕಾಯ್ದೆಯೇ ತೆರೆದಿಟ್ಟಿದೆ. ಬೆಂಗಳೂರಿನ ಸುತ್ತ 402 ಮೀಟರ್ ಓಟಕ್ಕೆ, ನಿಲ್ಲಲು ಅದರ ಎರಡು ಮೂರು ಪಟ್ಟು ಉದ್ದಕ್ಕೆ ಜಾಗವಿರುವ ಒಂದು ನೇರ ದಾರಿ, ಎರಡೂ ಬದಿ ತಡೆಗೋಡೆ, ಒಂದು ಆಂಬುಲೆನ್ಸ್, ಹೆಲ್ಮೆಟ್ ಇಲ್ಲದವರನ್ನು ಗೇಟಿನಲ್ಲೇ ವಾಪಸ್ ಕಳಿಸುವ ಶಿಸ್ತು ಇವಿಷ್ಟು ಬೇಕು. ಅದರ ಪಕ್ಕದಲ್ಲೊಂದು ಶೆಡ್ಡು ಹಾಕಿ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ಹಿರಿಯ ಮೆಕ್ಯಾನಿಕ್‌ಗಳನ್ನು ಕರೆದು ಕೂರಿಸಿದರೆ ಹೊಸ ಹುಡುಗರಿಗೆ ಅರ ಹಿಡಿಯುವುದನ್ನೂ ಕ್ಲಚ್ ಮೇಲೆ ಬೆರಳಿಡುವುದನ್ನೂ ಹೇಳಿಕೊಡಲು ಅವರಿಗಿಂತ ಒಳ್ಳೆಯ ಮೇಷ್ಟ್ರು ಬೇಕಿಲ್ಲ. ಅಮೆರಿಕದ ಒಂದು ಸಣ್ಣ ಊರಿನ ಪೊಲೀಸರು 1953ರಲ್ಲಿ ಬೆಂಬಲಿಸಿದ ಕೆಲಸವಿದು. ಕರ್ನಾಟಕದ ಕ್ರೀಡಾ ಇಲಾಖೆ ಮತ್ತು ಬೆಂಗಳೂರಿನ ಪೊಲೀಸರು ಸೇರಿ ಇದನ್ನು ಈಗಲಾದರೂ ಮಾಡಬೇಕು. ಆ ಮೆಕ್ಯಾನಿಕ್‌ಗಳ ಕೈ ನಡುಗಲು ಶುರುವಾಗುವ ಮೊದಲೇ ಮಾಡಬೇಕು.